ಹಗಲು ಗಾಡಿಗೆ ಕೊಟ್ಟ ಚೀಟಿ

ಎರಡು ಗಿಡ್ಡ, ಒಂದು ಉದ್ದ. ಬೇಸಿಗೆಯ ದಿನ ಮಧ್ಯಾಹ್ನ ಹನ್ನೆರಡಾಯಿತೆಂದರೆ ಬೆಳಗಾವಿ ಸ್ಟೇಷನ್ನಿನ ಹೊರಗೆ, ಟಾಂಗಾ ಸ್ಟ್ಯಾಂಡಿನಲ್ಲಿ ಆ ಮಿಲಿಟರಿ ಸೀಟಿ ಕೇಳಿಸುತ್ತಿತ್ತು. ಕೇಳಿದ ಕೂಡಲೇ ಟಾಂಗಾದವರು ಗೊಣಗುತ್ತ ಕುದುರೆ ಬಿಚ್ಚಿ ನೆರಳಿಗೆ ಕಟ್ಟಬೇಕು. ಮೂರು ಗಂಟೆಯವರೆಗೆ ಬಾಡಿಗೆ ಇಲ್ಲ.

“ಹವಾಲ್ದಾರ್ ಸಾಬ್, ಕುದರಿಗೆ ಸೂಟಿ ಕೊಟ್ರಿ. ನಮಗ ಯಾವಾಗ?”

“ನಿನಗ ಬಾಲ ಬಂದ ದಿವಸ.”

“ಬಾಲ ಐತ್ರಿ ಸಾಬ್, ಹೇಣ್ತಿಗಷ್ಟ ಕಾಣತೈತಿ!”

ಎಲ್ಲರೂ ನಗುತ್ತಿದ್ದರು. ಸೀಟಿ ಊದಿದವರು ಮಾತ್ರ ನಗದೆ, ಒಂದೊಂದೇ ಕುದುರೆಯ ಜೀನಿನ ಕೆಳಗೆ ಅಂಗೈಯ ಹಿಂಬದಿ ತೂರಿಸಿ, ಬೆವರು ಎಷ್ಟು ಬಿಸಿ ಇದೆ ಎಂದು ನೋಡುತ್ತ ಹೋಗುತ್ತಿದ್ದರು.

ಅವರು ನಮ್ಮ ಪ್ರಾಣಿದಯಾ ಸಂಘದ ಇನ್ಸ್‌ಪೆಕ್ಟರ್. ಖಾನಾಪುರ ಕಡೆಯ ಕುರಿ ಸಾಕುವ ಮನೆತನ; ಸೈನ್ಯದಲ್ಲಿ ಹೇಸರಗತ್ತೆಗಳನ್ನು ನೋಡಿಕೊಳ್ಳುವ ದಳದಲ್ಲಿದ್ದು ಹವಾಲ್ದಾರರಾಗಿ ರಿಟೈರ್ ಆಗಿ ಬಂದವರು. ನಾನು ಅದೇ ಸಂಘದ ಒಬ್ಬಳೇ ಟೈಪಿಸ್ಟ್, ಇಪ್ಪತ್ತೆರಡು ವರ್ಷದವಳು, ಕಾನ್ವೆಂಟ್ ಗರ್ಲ್. ನಾನು ಅವರಿಗೆ ಕಾಕಾ ಅನ್ನುತ್ತಿದ್ದೆ. ಅವರು ನನಗೆ, ಶಾಲೆಯ ಟೀಚರಿಗೆ ಅನ್ನುವ ಹಾಗೆ, ಅಕ್ಕಾರ ಅನ್ನುತ್ತಿದ್ದರು. ಆಫೀಸು ಎಂದರೆ ಮಿಲಿಟರಿಯವರ ವಸತಿಯಾದ ಕ್ಯಾಂಪಿನಲ್ಲಿ ಒಂದು ಹಳೆಯ ಬಂಗಲೆಯ ಔಟ್‌ಹೌಸ್. ಒಂದು ಟೇಬಲ್, ಒಂದು ಟೈಪ್‌ರೈಟರ್, ಒಂದು ಟೆಲಿಫೋನ್, ಹೊರಗೆ ಹುಣಸೆ ಮರದ ಕೆಳಗೆ ಮಿಲಿಟರಿಯವರು ಮಾರಿದ ಒಂದು ಹಳೆಯ ಜೀಪು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯವರಿಗೆ ನಮ್ಮ ಹವೆಯ ಬಗ್ಗೆ ಭಾರಿ ಜಂಬ. ನಮ್ಮದು ತಂಪು ಊರು. ಫ್ಯಾನು ಹಾಕಿಸಿಕೊಳ್ಳುವವರು ಹುಬ್ಬಳ್ಳಿಯವರು, ಬಿಜಾಪುರದವರು. ನಾಲ್ಕು ದಿನ ಸೆಕೆಯಾದರೆ ಐದನೆಯ ದಿನ ಸಂಜೆ ಅಡ್ಡಮಳೆ ಬಂದು ಎಲ್ಲ ತೊಳೆದು ಹೋಗುತ್ತದೆ ಎಂಬ ನಂಬಿಕೆ. ಆ ವರ್ಷ ಅಡ್ಡಮಳೆ ಬರಲಿಲ್ಲ. ಮೋಡ ಕಟ್ಟುವುದು, ಹಾಗೇ ಕರಗುವುದು. ಕೋಟೆಯ ಕೆರೆಯ ದಂಡೆಯಲ್ಲಿ ಕಾಗೆಗಳು ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಬಿಸಿಲೆಂದರೇನೆಂದು ತಿಳಿಯದ ಊರಿನಲ್ಲಿ ಸಾಕಿದ ಪ್ರಾಣಿಗಳ ಗತಿ ಬಿಸಿಲೂರಿನವಕ್ಕಿಂತ ಕೆಟ್ಟದ್ದು. ಜನ ಎಂದಿನಂತೆ ಗಿಳಿಯ ಪಂಜರವನ್ನು ತಗಡಿನ ಕೆಳಗೆ ತೂಗುಹಾಕುವರು, ಮೊಲದ ಗೂಡನ್ನು ಪಶ್ಚಿಮದ ಗೋಡೆಗೆ ಒರಗಿಸುವರು, ನಾಯಿಯನ್ನು ಅಂಗಳದ ಕಂಬಕ್ಕೆ ಕಟ್ಟಿ ಮದುವೆಗೆ ಹೋಗುವರು. ಕಾಕಾ ಬೆಳಗಿನಿಂದ ಓಣಿ ಓಣಿ ತಿರುಗಿ ಅವನ್ನೆಲ್ಲ ಒಳಗೆ ತೆಗೆಸುತ್ತಿದ್ದರು.

ಶಹಾಪುರದಲ್ಲಿ ಒಬ್ಬ ಅಜ್ಜಿ ಪಂಜರ ಇಳಿಸಲು ಒಪ್ಪಲಿಲ್ಲವಂತೆ. “ನಮ್ಮ ಗಿಳಿ ಮಾತಾಡತೈತ್ರಿ ಸಾಹೇಬ್ರ. ಸೆಕಿ ಆದ್ರ ತಾನ ಹೇಳತಿತ್ತು.”

“ಕಲಿಸಿದ್ದಷ್ಟ ಹೇಳತೈತಿ ತಾಯಿ. ಸೆಕಿ ಅನ್ನೂದು ಕಲಿಸೀರೇನು?”

ಅಜ್ಜಿ ಯೋಚನೆ ಮಾಡಿ ಪಂಜರ ಇಳಿಸಿದಳಂತೆ.

ಇನ್ನು ಚೀಟಿಯ ವಿಷಯ. ಆಗ ರೈಲಿನಲ್ಲಿ ನಾಯಿ ಒಯ್ಯಬೇಕಾದರೆ ಕೊನೆಯ ಗಾರ್ಡ್ ಡಬ್ಬಿಯಲ್ಲಿ ಡಾಗ್ ಬಾಕ್ಸ್ ಎಂದು ಇರುತ್ತಿತ್ತು. ಮೊಣಕಾಲೆತ್ತರದ ಒಂದು ಗೂಡು, ಸುತ್ತ ಕಬ್ಬಿಣದ ತಗಡು, ಗಾಳಿಗೆ ಸಣ್ಣ ಸೀಳುಗಳ ಬಾಗಿಲು, ಅದಕ್ಕೊಂದು ಕೀಲಿ. ಚಳಿಗಾಲದಲ್ಲಿ ಪರವಾಗಿಲ್ಲ. ಆ ಬೇಸಿಗೆ ನಮ್ಮ ಸಂಘಕ್ಕೂ ಸ್ಟೇಷನ್ನಿಗೂ ಬಾಯಿಮಾತಿನ ಒಂದು ಒಪ್ಪಂದವಾಯಿತು: ಹಗಲು ಗಾಡಿಗೆ ನಾಯಿ ಹತ್ತಿಸುವವರು ನಮ್ಮ ಇನ್ಸ್‌ಪೆಕ್ಟರರ ‘ಫಿಟ್ ಟು ಟ್ರಾವೆಲ್’ ಚೀಟಿ ತರಬೇಕು. ಚೀಟಿ ಇಂಗ್ಲಿಷಿನಲ್ಲಿರಬೇಕು. ಕಾಕಾ ಅವರಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಬರೆಯಲು ಬರುತ್ತಿದ್ದದ್ದು ತಮ್ಮ ಸಹಿ ಮಾತ್ರ. ಅದೂ ಒಂದೊಂದು ಅಕ್ಷರ ಗೂಟ ಹೊಡೆದ ಹಾಗೆ.

ಅವರು ದಿನವಿಡೀ ಬೀದಿಯಲ್ಲಿ. ಚೀಟಿ ಬೇಕಾದವರು ಆಫೀಸಿಗೆ ಬರುವವರು. ಹಾಗಾಗಿ ನಾವು ಒಂದು ಪದ್ಧತಿ ಮಾಡಿಕೊಂಡೆವು. ಸೋಮವಾರ ಬೆಳಿಗ್ಗೆ ಕಾಕಾ ಕೂತು ಹತ್ತಿಪ್ಪತ್ತು ಖಾಲಿ ಫಾರ್ಮಿಗೆ ಸಹಿ ಹಾಕಿ ಇಡುವರು. ನಾಯಿಯ ಮನೆಗೆ ತಾವೇ ಹೋಗಿ, ನೋಡಿ, ಯಾರಾದರೂ ಟಾಂಗಾದವನ ಕೈಯಲ್ಲಿ ಹೇಳಿ ಕಳಿಸುವರು: ‘ಕರೇ ನಾಯಿ, ಕೊಡ್ರಿ’ ಅಂತಲೋ ‘ಬ್ಯಾಡ’ ಅಂತಲೋ. ಆ ಮಾತು ಬಂದ ಮೇಲೆಯೇ ನಾನು ಟೈಪ್ ಮಾಡಿ ಕೊಡಬೇಕು. ಮಾತು ಬರದೆ ಚೀಟಿ ಹೋಗಬಾರದು. ಎರಡು ತಿಂಗಳು ಒಂದು ತಪ್ಪೂ ಆಗದೆ ನಡೆಯಿತು.

ಆ ದಿನ ಹನ್ನೊಂದೂವರೆಗೆ ಹೊರಗೆ ಕಾರು ನಿಂತಿತು. ಇಳಿದು ಬಂದವಳು ನನ್ನ ಶಾಲೆಯ ಗೆಳತಿ. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವಳು. ಈಗ ದೊಡ್ಡ ವ್ಯಾಪಾರಸ್ಥರ ಮನೆಯ ಸೊಸೆ. ದೊಡ್ಡ ಗಾಗಲ್ಸ್, ನೈಲೆಕ್ಸ್ ಸೀರೆ. ಶಾಲೆ ಬಿಟ್ಟ ಮೇಲೆ ಅವಳನ್ನು ನೋಡಿರಲಿಲ್ಲ. ಇಂಗ್ಲಿಷಿನಲ್ಲಿ ಯಾರಾದರೂ ನನ್ನೊಡನೆ ಮಾತಾಡಿ ಎಷ್ಟೋ ದಿನವಾಗಿತ್ತು. ಒಂದೇ ಮಾತಿಗೆ ನಾವು ಮತ್ತೆ ಆ ಬೆಂಚಿನಲ್ಲಿದ್ದೆವು: ಯಾವ ಸಿಸ್ಟರ್ ತೀರಿಕೊಂಡರು, ಯಾರಿಗೆ ಟ್ವಿನ್ಸ್, ನೀನಿನ್ನೂ ಯಾಕೆ ಮದುವೆಯಾಗಿಲ್ಲ.

ಅವಳ ತವರಿನವರು ಈಗ ಗೋವಾದಲ್ಲಿ. ಒಂದು ಗಂಟೆಯ ಪ್ಯಾಸೆಂಜರಿಗೆ ಹೊರಟಿದ್ದಳು. ಕಾರಿನಲ್ಲಿ ನಾಯಿ ಇತ್ತು, ಚೀಟಿ ಬೇಕಿತ್ತು.

“ಇನ್ಸ್‌ಪೆಕ್ಟರ್ ನೋಡಬೇಕಲ್ಲ,” ಅಂದೆ.

“ಓ ಕಮ್ ಆನ್! ಹೀ ಈಸ್ ಲೈಕ್ ಎ ಬೇಬಿ. ಆರಾಮ ಇದ್ದಾನ. ನಿನ್ನ ಇನ್ಸ್‌ಪೆಕ್ಟರ್ ಬರೂ ತನಕ ನನ್ನ ಟ್ರೇನ್ ಹೋಗಿರತೈತಿ. ದಿಸ್ ಈಸ್ ಬೆಳಗಾಂವ್, ಡಾರ್ಲಿಂಗ್, ಗುಲ್ಬರ್ಗಾ ಅಲ್ಲ.”

ಸಹಿ ಹಾಕಿದ ಫಾರ್ಮುಗಳು ಡ್ರಾಯರಿನಲ್ಲಿದ್ದವು. ಯಾವ ಜಾತಿ ಎಂದು ಕೇಳಿದೆ. ಬಾಕ್ಸರ್ ಅಂದಳು. ಟೈಪ್ ಮಾಡಿದೆ. ಒಂದು ಸ್ಪೆಲಿಂಗ್ ಮಿಸ್ಟೇಕ್ ಇಲ್ಲದೆ, ಮಾರ್ಜಿನ್ ನೀಟಾಗಿ. ಅವಳು ನನ್ನ ಕೆನ್ನೆ ತಟ್ಟಿ ಹೋದಳು. ಕಿಡಕಿಯಿಂದ ಕಾರಿನ ಹಿಂದಿನ ಗಾಜಿನಲ್ಲಿ ಕಂದು ಬಣ್ಣದ್ದೇನೋ ಅಲ್ಲಾಡಿದ್ದು ಕಂಡಿತು, ಅಷ್ಟೇ.

ಒಂದೂವರೆಗೆ ಕಾಕಾ ಬಂದರು. ಕೈಕಾಲು ತೊಳೆದು, ಬುತ್ತಿ ಬಿಚ್ಚಿ, ರೊಟ್ಟಿ ಮುರಿಯುತ್ತ, ಎಂದಿನ ಹಾಗೆ ರಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಅಕ್ಷರ ಕೂಡಿಸತೊಡಗಿದರು. ಬೆರಳು ಒಂದು ಕಡೆ ನಿಂತಿತು.

“ಬಾಕ್ಸರ್. ಅಂದ್ರ ಆ ಮೋಟು ಮೂಗಿನ ಜಾತಿ ಅಲ್ಲೇನ್ರಿ?”

“ಹೌದ್ರಿ ಕಾಕಾ.”

“ನಾ ಯಾವಾಗ ಹೇಳಿ ಕಳಿಸಿದೆ?”

ಅವರು ರೊಟ್ಟಿ ಕೆಳಗಿಟ್ಟರು.

“ಅಕ್ಕಾರ, ಮೂಗು ಉದ್ದ ಇದ್ದ ನಾಯಿ ತೇಕಿ ತೇಕಿ ಮೈ ತಂಪ ಮಾಡಿಕೊಳ್ಳತೈತಿ. ಈ ಜಾತಿಗೆ ಉಸರ ಒಳಗ ಹೋಗೂದ ಕಷ್ಟ. ಆ ತಗಡಿನ ಡಬ್ಬಿಯಾಗ ಈ ಬಿಸಿಲಿಗೆ ಲೋಂಡಾ ಮುಟ್ಟೂದಿಲ್ಲ ಅದು. ಎಷ್ಟೊತ್ತಿಗೆ ಬಿಟ್ಟೈತಿ ಗಾಡಿ?”

“ಒಂದಕ್ಕ.”

ನಾನು ಟೆಲಿಫೋನ್ ಎತ್ತಿ, ಗಾಡಿಯ ದಾರಿಯಲ್ಲಿ ಬರುವ ಖಾನಾಪುರ ಸ್ಟೇಷನ್ ಕೇಳಿದೆ. ಎಕ್ಸ್‌ಚೇಂಜಿನವಳು ಟ್ರಂಕ್ ಕಾಲ್ ಬುಕ್ ಮಾಡಿ, ಎರಡು ತಾಸು ಹಿಡಿಯುತ್ತದೆ ಅಂದಳು. ಅಷ್ಟರಲ್ಲಿ ಜೀಪು ಶುರುವಾದ ಸಪ್ಪಳ. ಓಡಿಹೋಗಿ ಹತ್ತಿದೆ. ಬಾ ಎಂದು ಅವರು ಕರೆಯಲಿಲ್ಲ. ಆ ಗೆಳತಿಯ ಮುಖ ನನಗೊಬ್ಬಳಿಗೇ ಗೊತ್ತಿತ್ತು.

ಜೀಪು ಖಾನಾಪುರ ರಸ್ತೆಗೆ ತಿರುಗದೆ, ಮಂಜುಗಡ್ಡೆ ಮಾಡುವ ಬರ್ಫಿನ ಕಾರ್ಖಾನೆಯ ಕಡೆ ತಿರುಗಿತು. “ಕಾಕಾ, ಟೈಮ್ ಇಲ್ಲರಿ!” ಎಂದು ಚೀರಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಕಾರ್ಖಾನೆಯವನು ಊಟಕ್ಕೆ ಕೂತಿದ್ದ. ಅವನನ್ನು ಎಬ್ಬಿಸಿ, ಒಂದು ದೊಡ್ಡ ಗಡ್ಡೆ ತೆಗೆಸಿ, ಕಟ್ಟಿಗೆ ಹೊಟ್ಟು ಮೆತ್ತಿ ಗೋಣಿಚೀಲದಲ್ಲಿ ಸುತ್ತಿ, ಜೀಪಿನ ಹಿಂದಿದ್ದ ನೀರಿನ ಪೀಪಾಯಿಯ ಬಾಜು ಇಟ್ಟುಕೊಂಡು ಹೊರಡುವಷ್ಟರಲ್ಲಿ ಹತ್ತು ನಿಮಿಷ. ನಾನು ಒಂದೊಂದು ನಿಮಿಷವನ್ನೂ ನನ್ನ ಎಚ್‌ಎಂಟಿ ಗಡಿಯಾರದಲ್ಲಿ ನೋಡಿದೆ.

“ಬರೇ ಕೈಲೆ ಹೋಗಿ ಏನು ಮಾಡೂಣು? ಹೆಣ ಹೊರೂಣೇನು?” ಅಂದರು. ಆ ದಿನ ಅವರು ನನಗೆ ಆಡಿದ ಗಡಸು ಮಾತು ಅದೊಂದೇ.

ಮೂರನೇ ರೈಲ್ವೆ ಗೇಟ್ ಮುಚ್ಚಿತ್ತು.

ಒಂದು ಕಡೆ ಉದ್ಯಮಬಾಗದ ಕಾರ್ಖಾನೆಗಳ ಪಾಳಿ ಮುಗಿಸಿದವರ ಸೈಕಲ್ಲುಗಳು, ಒಂದು ಕಡೆ ಹುಲ್ಲಿನ ಚಕ್ಕಡಿ. ಜೀಪಿನ ಬಾನೆಟ್ಟಿನ ಮೇಲೆ ಗಾಳಿ ನೀರಿನ ಹಾಗೆ ನಡುಗುತ್ತಿತ್ತು. ಕಾಕಾ ಇಳಿದು ಹೋಗಿ ಗೇಟಿನವನನ್ನು ಕೇಳಿದರು.

“ಯಾವ ಗಾಡಿಪಾ?”

“ಗೂಡ್ಸ್ ರಿ. ಲೋಂಡಾದಿಂದ ಬರಾಕ ಹತ್ತೈತಿ.”

ಕಾಕಾ ತಿರುಗಿ ಬಂದು ಸ್ಟೇರಿಂಗ್ ಹಿಡಿದು ಕೂತರು. “ಒಂದ ಹಳಿ. ಆ ಕಡೆಯಿಂದ ಗೂಡ್ಸ್ ಬರಾಕ ಹತ್ತೈತಿ ಅಂದ್ರ ನಮ್ಮ ಗಾಡಿ ದೇಸೂರ ಸ್ಟೇಷನ್ನಿನ್ಯಾಗ ಬಾಜೂ ನಿಂತು ಇದಕ್ಕ ಹಾದಿ ಬಿಟ್ಟಿರಬೇಕು. ಅರ್ಧಾ ತಾಸರ ನಿಂತಿರತೈತಿ.”

“ಹಂಗಾರ ನಾವು ಹಿಡೀಬಹುದಲ್ರಿ!” ನನಗೆ ಒಂದು ಕ್ಷಣ ಖುಷಿಯೇ ಆಯಿತು.

“ಹಿಡೀಬಹುದು. ಖರೇ, ಗಾಡಿ ಓಡತಿದ್ರ ಆ ಸೀಳಿನ್ಯಾಗ ಒಂದೀಟ ಗಾಳಿ ಆಡತೈತಿ. ನಿಂತ ಗಾಡಿಯಾಗ ಅದೂ ಇಲ್ಲ.”

ನಮಗೆ ಸಿಕ್ಕ ಅರ್ಧ ತಾಸನ್ನು ನಾಯಿ ಯಾವ ಸ್ಥಿತಿಯಲ್ಲಿ ಕಳೆದಿತ್ತು ಎಂದು ಆಗ ತಿಳಿಯಿತು. ಗೂಡ್ಸ್ ಬಂತು. ಡಬ್ಬಿಗಳು ಮುಗಿಯಲೊಲ್ಲವು. ನಾನು ಕಣ್ಣು ಮುಚ್ಚಿ, ಶಾಲೆಯಲ್ಲಿ ಕಲಿಸಿದ ಪ್ರೇಯರ್ ಹೇಳಿಕೊಳ್ಳತೊಡಗಿದೆ. ಅದರ ನಡುವೆ ನಮ್ಮವ್ವ ಹೇಳುವ ‘ಶಿವಶಿವಾ’ ಸೇರಿಕೊಂಡಿತು.

ಗೇಟು ಎದ್ದ ಮೇಲೆ ಕಾಕಾ ಜೀಪನ್ನು ಹೇಗೆ ಓಡಿಸಿದರೋ. ಪೀರನವಾಡಿ, ಮಚ್ಛೆ ದಾಟಿದ್ದು ನೆನಪಿದೆ. ಟಾರು ಕರಗಿ ಟಾಯರಿಗೆ ಹಿಡಿದು ಬಿಡುವ ಚಟಚಟ ಸಪ್ಪಳ ನೆನಪಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಒಂದೊಂದೇ ಕೇಳಿದರು.

“ನಾಯಿ ದಪ್ಪ ಇತ್ತೋ ತೆಳ್ಳಗಿತ್ತೋ?”

“ಗೊತ್ತಿಲ್ರಿ.”

“ಉಣ್ಣಿಸಿದ್ರೇನು?”

“ಕೇಳಲಿಲ್ರಿ.”

“ಬಾಯಿ ಮುಚ್ಚಿತ್ತೋ, ತೆರದು ತೇಕತಿತ್ತೋ?”

“ಕಾಕಾ, ನಾ ನಾಯಿನ್ನ ನೋಡೇ ಇಲ್ರಿ.”

ಗೆಳತಿಯ ಗಾಗಲ್ಸಿನ ಫ್ರೇಮಿನ ಬಣ್ಣ ಕೇಳಿದ್ದರೆ ಹೇಳುತ್ತಿದ್ದೆ.

ನಾವು ಖಾನಾಪುರ ಸ್ಟೇಷನ್ನಿನ ಅಂಗಳಕ್ಕೆ ನುಗ್ಗಿದಾಗ ಗಾಡಿ ನಿಂತಿತ್ತು. ಇಂಜಿನ್ನು ಆಚೆ ತುದಿಯಲ್ಲಿ ಉಸಿರು ಬಿಡುತ್ತಿತ್ತು. ಗಾರ್ಡ್ ಹಸಿರು ಬಾವುಟ ಬಿಚ್ಚುತ್ತ ತನ್ನ ಡಬ್ಬಿಯ ಬಾಗಿಲಲ್ಲಿದ್ದ.

“ಗಾರ್ಡ್ ಸಾಹೇಬ್ರ, ತಡೀರಿ! ಡಾಗ್ ಬಾಕ್ಸ್ ತಗೀರಿ.”

“ಯಾರ್ರಿ ನೀವು?”

“ಪ್ರಾಣಿದಯಾ ಸಂಘದ ಇನ್ಸ್‌ಪೆಕ್ಟರ್.”

“ನಿಮ್ಮ ಸಂಘದ್ದ ಚೀಟಿ ಐತಲ್ರಿ ನನ್ನ ಹಂತೇಲಿ! ಫಿಟ್ ಅಂತ ನೀವ ಬರದೀರಿ, ಈಗ ನೀವ ತಗೀ ಅಂತೀರಿ. ರಸೀದಿ ತರ್ರಿ, ತಗೀತೀನಿ. ಮಾಲಕರ ರಸೀದಿ ಇಲ್ಲದ ಪ್ರಾಣಿ ಬಿಟ್ರ ನಾಳಿಗೆ ನನ್ನ ನೌಕರಿ ಯಾರು ಕೊಡ್ತಾರ?”

ಅವನ ಮಾತಿನಲ್ಲಿ ತಪ್ಪೇನಿತ್ತು? ಕಾಕಾ ಬಾಗಿ ತಗಡಿಗೆ ಕಿವಿ ಕೊಟ್ಟರು. ಸುಟ್ಟವರ ಹಾಗೆ ಹಿಂದಕ್ಕೆ ಸರಿದರು. “ಒದರತಿದ್ರ ಕಾಯಬಹುದಿತ್ತು,” ಅಂದರು. “ಸಪ್ಪಳ ಇಲ್ಲ. ಅಕ್ಕಾರ, ಓಡ್ರಿ.”

ಓಡಿದೆ. ಚಪ್ಪಲಿ ಎಲ್ಲೋ ಬಿಟ್ಟುಹೋಯಿತು. ಫಸ್ಟ್ ಕ್ಲಾಸ್ ಡಬ್ಬಿ ಮುಂದೆ, ಇಂಜಿನ್ನಿನ ಹತ್ತಿರ. ಲೇಡೀಸ್ ಕಂಪಾರ್ಟ್‌ಮೆಂಟಿನ ಕಟ್ಟಿಗೆ ಶಟರ್ ಎಲ್ಲ ಇಳಿಸಿದ್ದರು. ಎರಡೂ ಮುಷ್ಟಿಯಿಂದ ಬಡಿದೆ. ಶಟರ್ ಮೇಲೆದ್ದಿತು. ನಿದ್ದೆಗಣ್ಣು, ಒತ್ತಿದ ಕೆನ್ನೆ.

“ವಾಟ್ ಆನ್ ಅರ್ಥ್ ಆರ್ ಯೂ ಡೂಯಿಂಗ್ ಹಿಯರ್?”

“ರಸೀದಿ ಕೊಡು! ನಾಯಿದು ರಸೀದಿ! ಸಾಯಾಕ ಹತ್ತೈತಿ ಅದು!”

ನಾನು ಅವಳೊಡನೆ ಕನ್ನಡದಲ್ಲಿ ಕಿರುಚಿದ್ದು ಅದೇ ಮೊದಲು. ಅವಳು ಪರ್ಸನ್ನು ಬರ್ತಿನ ಮೇಲೆ ಬೋರಲು ಸುರಿದಳು. ಪೌಡರ್, ಕರವಸ್ತ್ರ, ಪೆಪ್ಪರ್‌ಮಿಂಟ್, ಚಿಲ್ಲರೆ. ರಸೀದಿ ಇಲ್ಲ. ಅಷ್ಟರಲ್ಲಿ ಗಾಡಿಯ ಹಿಂದಿನ ತುದಿಯಿಂದ ಕಬ್ಬಿಣಕ್ಕೆ ಕಬ್ಬಿಣ ಹೊಡೆದ ಸಪ್ಪಳ, ಒಂದು, ಎರಡು, ಮೂರು. ಕಾಕಾ ಜೀಪಿನ ಜಾಕಿನ ಸಳಿಯಿಂದ ಕೀಲಿ ಒಡೆದಿದ್ದರು.

ನಾವಿಬ್ಬರೂ ಓಡಿ ಬಂದಾಗ ನಾಯಿ ಪ್ಲಾಟ್‌ಫಾರ್ಮಿನ ಮರದ ನೆರಳಿನಲ್ಲಿ, ಒದ್ದೆ ಗೋಣಿಯ ಮೇಲೆ ಬಿದ್ದಿತ್ತು. ನಾಲಿಗೆ ಹೊರಗೆ ಜೋತು, ನೇರಳೆ ಹಣ್ಣು ತಿಂದ ಹಾಗೆ ಕಪ್ಪಾಗಿತ್ತು. ಬಾಯಲ್ಲಿ ನೊರೆ. ಕಣ್ಣು ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಗೆಳತಿ ಬರ್ಫಿನ ತುಂಡು ಎತ್ತಿಕೊಂಡು ಅದರ ಎದೆಗೆ ಒತ್ತಲು ಹೋದಳು. ಕಾಕಾ ಅವಳ ಕೈ ಹಿಡಿದರು.

“ಬ್ಯಾಡ್ರಿ ತಾಯಿ. ಬರ್ಫ ಮೈಗೆ ಹಚ್ಚಿದ್ರ ತೊಗಲು ಬಿಗಿತೈತಿ, ಬೆಂಕಿ ಒಳಗ ಉಳೀತೈತಿ. ಪೀಪಾಯಿ ನೀರಾಗ ಹಾಕ್ರಿ. ಆ ನೀರು ಸುರೀರಿ. ಹೊಟ್ಟಿಗೆ, ತೊಡಿ ಸಂದಿಗೆ, ಅಂಗಾಲಿಗೆ. ಅಕ್ಕಾರ, ನೀವು ಗಾಳಿ ಹಾಕ್ರಿ. ನಿಲ್ಲಸಬ್ಯಾಡ್ರಿ.”

ನಾನು ಸೆರಗಿನಿಂದಲೇ ಬೀಸಿದೆ. ಗಾರ್ಡ್ ನೋಟ್‌ಬುಕ್ಕಿನಲ್ಲಿ ಜೀಪಿನ ನಂಬರು ಬರೆದುಕೊಂಡ. “ಕೀಲಿ ಮುರಿದದ್ದು ಬರೀತೀನಿ, ಗಾಡಿ ನಿಲ್ಲಿಸಿದ್ದೂ ಬರೀತೀನಿ,” ಎಂದು ಒದರಿದ. ಒದರುತ್ತಲೇ ತನ್ನ ಡಬ್ಬಿಯಿಂದ ತಾನು ಕುಡಿಯುವ ಮಣ್ಣಿನ ಹೂಜಿ ತಂದು ನಾಯಿಯ ತಲೆಯ ಹತ್ತಿರ ಇಟ್ಟ. ಆಮೇಲೆ ಬಾವುಟ ಬೀಸಿದ.

ಗಾಡಿ ಅಲುಗಿತು. ಗೆಳತಿ ತಿರುಗಿಯೂ ನೋಡಲಿಲ್ಲ. ಅವಳ ಟ್ರಂಕು, ಹಾಸಿಗೆ, ಸುರಿದ ಪರ್ಸು, ಎಲ್ಲ ಗೋವಾದ ದಾರಿ ಹಿಡಿದವು. ಅವಳು ಆ ನೈಲೆಕ್ಸ್ ಸೀರೆಯಲ್ಲಿ ಕೆಂಪು ಮಣ್ಣಿನ ಮೇಲೆ ಕೂತು ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಎಷ್ಟು ಹೊತ್ತೋ. ಕಾಕಾ ಆಗಾಗ ನಾಯಿಯ ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡುವರು. ಒತ್ತಿದ ಜಾಗ ಬೆಳ್ಳಗಾಗಿ ಹಾಗೇ ಉಳಿಯುತ್ತಿತ್ತು. ಮತ್ತೆ ನೀರು, ಮತ್ತೆ ಒತ್ತುವುದು. ಬೆಳ್ಳಗೆ. ಮತ್ತೆ ನೀರು. ನಾನು ಕೈ ಬದಲಿಸಿ ಬದಲಿಸಿ ಬೀಸುತ್ತಲೇ ಇದ್ದೆ. ಕೊನೆಗೊಮ್ಮೆ ಅವರ ಹೆಬ್ಬೆರಳು ಎದ್ದ ಮೇಲೆ ಆ ಬಿಳಿಯೊಳಗೆ ನಿಧಾನವಾಗಿ ಕೆಂಪು ತುಂಬಿಕೊಂಡಿತು. ಕಾಕಾ ತಮ್ಮ ಟೋಪಿ ತೆಗೆದು ನೆಲದ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ನಾಯಿ ಹೂಜಿಯ ನೀರನ್ನು ಎರಡು ಸಲ ನೆಕ್ಕಿತು.

ಹೊತ್ತು ಇಳಿದ ಮೇಲೆ ಜೀಪಿನಲ್ಲಿ ನಾಯಿಯನ್ನೂ ಗೆಳತಿಯನ್ನೂ ಬೆಳಗಾವಿಗೆ ಕರೆದುಕೊಂಡು ಬಂದೆವು. ದಾರಿಯಲ್ಲಿ ಅವಳು ಕಾಕಾ ಅವರಿಗೆ ಕೈಮುಗಿದಳು. ನಾನು ಚೀಟಿಯ ಮಾತು ಎತ್ತಲಿಲ್ಲ, ಕಾಕಾ ಕೂಡ ಎತ್ತಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ.

ಆದರೆ ನಮ್ಮ ನನ್ಸ್ ನಮಗೆಲ್ಲ ಒಂದು ಮ್ಯಾನರ್ಸ್ ಕಲಿಸಿದ್ದರು: ಯಾರಾದರೂ ಉಪಕಾರ ಮಾಡಿದರೆ ಒಂದು ವಾರದೊಳಗೆ ಥ್ಯಾಂಕ್ ಯೂ ಲೆಟರ್ ಬರೆಯಬೇಕು, ಮಾಡಿದ್ದನ್ನೆಲ್ಲ ವಿವರವಾಗಿ ನೆನೆಯಬೇಕು. ಗೆಳತಿ ಮರೆತಿರಲಿಲ್ಲ. ನೀಲಿ ಕಾಗದದ ಮೇಲೆ, ಆ ಶಾಲೆಯವರೆಲ್ಲರಿಗೂ ಇರುವ ದುಂಡಗಿನ ಅಕ್ಷರದಲ್ಲಿ, ಸಂಘದ ಚೇರ್ಮನ್ನರಿಗೇ ಬರೆದಳು. ಇನ್ಸ್‌ಪೆಕ್ಟರರನ್ನು ದೇವರು ಎಂದಳು. ನನ್ನನ್ನು ಮರೆಯಬಾರದೆಂದು ಒಂದು ಸಾಲು ಸೇರಿಸಿದಳು: ತನ್ನ ಬಡಪಾಯಿ ನಾಯಿಯನ್ನು ಕಾರಿನಿಂದ ಇಳಿಸುವ ತೊಂದರೆಯನ್ನೂ ಕೊಡದೆ ಐದೇ ನಿಮಿಷದಲ್ಲಿ ಚೀಟಿ ಕೊಟ್ಟ ನಿಮ್ಮ ಆಫೀಸಿನ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು.

ಅದೇ ವಾರ ರೈಲ್ವೆಯಿಂದ ಒಂದು ಕಾಗದ ಬಂದಿತ್ತು. ಫಿಟ್ ಎಂದು ನೀವೇ ಬರೆದುಕೊಟ್ಟ ನಾಯಿಗಾಗಿ ನೀವೇ ಕೀಲಿ ಮುರಿದು ಗಾಡಿ ತಡೆದಿರಿ, ಇದರ ಅರ್ಥವೇನು?

ಚೇರ್ಮನ್ನರು ಹೊರಗಿನಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದ್ದ ಹಿರಿಯರು. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ನಮ್ಮ ಅಪ್ಪ ತೀರಿಕೊಂಡ ಮೇಲೆ ನನಗೆ ಈ ಕೆಲಸ ಕೊಟ್ಟವರೂ ಅವರೇ. ಅವರ ಬಂಗಲೆಯ ಡ್ರಾಯಿಂಗ್ ರೂಮಿನಲ್ಲಿ ಮೀಟಿಂಗ್. ಅವರು ಇಂಗ್ಲಿಷಿನಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಕಾಕಾ ಅವರಿಗೆ ಹೇಳುವುದು, ಕಾಕಾ ಅಂದದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿ ಮಿನಿಟ್ಸ್ ಬರೆಯುವುದು. ನನಗೆ ಅವರು ಕುರ್ಚಿ ಹಾಕಿಸಿದ್ದರು. ಕಾಕಾ ನಿಂತಿದ್ದರು.

ಚೀಟಿಯ ಕಾಪಿ ಟೇಬಲ್ಲಿನ ಮೇಲಿತ್ತು. ಗೂಟ ಹೊಡೆದ ಸಹಿ.

“ಆಸ್ಕ್ ಹಿಮ್, ಈ ನಾಯಿಯನ್ನು ಅವನು ಎಗ್ಸಾಮಿನ್ ಮಾಡಿದ್ದನೇ?”

ನಾನು ಕಾಕಾ ಕಡೆ ತಿರುಗಿದೆ. “ನಾಯಿನ್ನ ನೋಡಿದ್ರೇನು ಅಂತ ಕೇಳಾಕ ಹತ್ಯಾರ್ರಿ.”

“ನೋಡೇನಿ ಅಂತ ಬರೀರಿ.”

“ಕಾಕಾ, ಖರೇ ಹೇಳ್ರಿ. ನಾ ಕೊಟ್ಟೆ ಅಂತ ಹೇಳ್ರಿ.”

ಅವರು ನನ್ನನ್ನು ನೋಡಲಿಲ್ಲ. ಚೇರ್ಮನ್ನರ ತಲೆಯ ಮೇಲಿನ ಗೋಡೆಯನ್ನು, ಪರೇಡಿನಲ್ಲಿ ನೋಡುವ ಹಾಗೆ, ನೋಡುತ್ತಿದ್ದರು. “ನಾ ಏನು ಹೇಳೀನಿ ಅದನ್ನ ಹೇಳ್ರಿ, ಅಕ್ಕಾರ.”

“ವಾಟ್ ಡಸ್ ಹೀ ಸೇ?”

ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ. ಯಾರ ಬಾಯಿಯ ಮಾತು ಯಾರ ಕಿವಿಗೆ ಹೇಗೆ ಮುಟ್ಟಬೇಕು ಎಂಬುದು ನನ್ನ ಕೈಯಲ್ಲಿತ್ತು. ನಾನೇ ಕೊಟ್ಟೆ ಸರ್ ಎನ್ನಲು ಒಂದು ಸಣ್ಣ ವಾಕ್ಯ ಸಾಕಿತ್ತು. ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿತ್ತು.

“ಹೀ ಸೇಸ್ ಹೀ ಎಗ್ಸಾಮಿನ್ಡ್ ಇಟ್ ಹಿಮ್‌ಸೆಲ್ಫ್, ಸರ್,” ಅಂದೆ.

“ಕಾರಿನಿಂದ ಇಳಿಸದೆ?”

ಕೇಳಿದೆ. “ಕಾರಿನ್ಯಾಗ ನೋಡೇನಿ,” ಅಂದರು ಕಾಕಾ. ಅದನ್ನೂ ಹೇಳಿದೆ, ಅದನ್ನೂ ಬರೆದೆ. ಚೇರ್ಮನ್ನರು ನಿಟ್ಟುಸಿರು ಬಿಟ್ಟು, ಆ ಜಾತಿಯ ನಾಯಿಯನ್ನು ಕಾರಿನ ಗಾಜಿನಿಂದ ನೋಡಿ ಪಾಸು ಮಾಡುವವನು ಇನ್ಸ್‌ಪೆಕ್ಟರನೇ ಅಲ್ಲ ಅಂದರು. ಸಿಟ್ಟಿನಿಂದಲ್ಲ, ದುಃಖದಿಂದಲೇ ಅಂದರು. ‘ಸರ್ವಿಸಸ್ ನೋ ಲಾಂಗರ್ ರಿಕ್ವೈರ್ಡ್’ ಎಂಬ ಪತ್ರವನ್ನು ಮರುದಿನ ಬೆಳಿಗ್ಗೆ ನಾನೇ ಟೈಪ್ ಮಾಡಿದೆ.

ಕಾಕಾ ಜೀಪಿನ ಕೀಲಿಕೈ ಕೊಡಲು ಬಂದಾಗ ಕೇಳಿದೆ, “ಯಾಕ್ರಿ ಹಂಗ ಹೇಳಿದ್ರಿ?”

“ಖಾಲಿ ಹಾಳಿ ಮ್ಯಾಲೆ ಸಹಿ ಮಾಡಿದಾಂವ ನಾ ಅಲ್ಲೇನ್ರಿ? ನೋಡದ ನಾಯಿಗೆ ನಾ ಸೋಮವಾರನ ಫಿಟ್ ಅಂದಿದ್ದೆ. ನೀವು ಗುರುವಾರ ಅಂದ್ರಿ.” ಕೀಲಿಕೈ ಟೇಬಲ್ಲಿನ ಮೇಲಿಟ್ಟು, “ನಿಮ್ಮನ್ನ ಉಳಸಾಕ ಹೇಳೇನಿ ಅಂತ ತಿಳೀಬ್ಯಾಡ್ರಿ,” ಅಂದರು.

ಅದು ಕರುಣೆಯೋ ಸಿಟ್ಟೋ ನನಗೆ ಇಂದಿಗೂ ಬಗೆಹರಿದಿಲ್ಲ. ಮುಂದಿನ ವರ್ಷ ನನ್ನ ಮದುವೆಯಾಯಿತು, ಕೆಲಸ ಬಿಟ್ಟೆ. ಚೇರ್ಮನ್ನರು ತೀರಿಕೊಂಡರು. ಹೇಳಬೇಕೆಂದು ಎರಡು ಸಲ ಅವರ ಗೇಟಿನವರೆಗೆ ಹೋಗಿ ತಿರುಗಿ ಬಂದಿದ್ದೆ; ಈಗ ಹೇಳಲು ಅವರೇ ಇರಲಿಲ್ಲ. ಗೆಳತಿ ಪ್ರತಿ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸುತ್ತಿದ್ದಳು. ನಾಯಿ ಇನ್ನೂ ನಾಲ್ಕು ವರ್ಷ ಬದುಕಿತು.

ಎಂಬತ್ತರ ದಶಕದ ನಡುವೆ ಒಂದು ಏಪ್ರಿಲ್ ತಿಂಗಳು. ನಾನೊಬ್ಬಳೇ ಬಸ್ಸಿನಲ್ಲಿ ಖಾನಾಪುರದ ಮೇಲೆ ಹಾದು ಹೋಗುತ್ತಿದ್ದೆ. ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕಿಡಕಿಯಿಂದ ಕಾಕಾ ಕಂಡರು. ಧೋತರ, ಬಿಳಿ ಗಡ್ಡ, ಬಗ್ಗಿದ ಬೆನ್ನು. ಕುಂಬಾರನೊಬ್ಬ ಮಣ್ಣು ಹೇರಿಕೊಂಡು ಬಂದ ಕತ್ತೆಯ ಪಕ್ಕದಲ್ಲಿ ನಿಂತು ಅವನೊಡನೆ ಜಗಳ ಹಚ್ಚಿದ್ದರು.

“ಒಂದ ಚೀಲ ಇಳಸೋ.”

“ಅಜ್ಜಾ, ಇದು ನಿನ್ನ ಕತ್ತೆ ಏನು? ಸರ್ಕಾರದವನೇನು ನೀ?”

“ಅಧಿಕಾರ ಇದ್ದಾಗ ಸೀಟಿ ಊದತಿದ್ದೆ. ಈಗ ಬೇಡಿಕೋತೀನಿ. ಇಳಸು.”

ನಾನು ಇಳಿದೆ. ಕಂಡಕ್ಟರ್ ಐದೇ ನಿಮಿಷ ಎಂದು ಕೂಗಿದ.

“ಕಾಕಾ, ಗುರುತ ಸಿಕ್ಕಿತೇನ್ರಿ?”

ಅವರು ಕಣ್ಣು ಕಿರಿದು ಮಾಡಿ ನೋಡಿದರು. “ಅಕ್ಕಾರ. ಯಾಕ ಸಿಗೂದಿಲ್ಲರಿ. ಆರಾಮ ಅದೀರಿ? ಮಕ್ಕಳು?”

“ಆರಾಮ ಅದೀನ್ರಿ. ಇಬ್ಬರು. ಕಾಕಾ, ಅವತ್ತ ನಾ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ.” ಎಷ್ಟೋ ವರ್ಷ ಎಷ್ಟೋ ಥರ ಜೋಡಿಸಿಟ್ಟುಕೊಂಡಿದ್ದೆ. ಬಂದದ್ದು ಅಷ್ಟೇ.

ಕುಂಬಾರ ಗೊಣಗುತ್ತ ಒಂದು ಚೀಲ ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡ. ಕಾಕಾ ಕತ್ತೆಯ ಬೆನ್ನಿನ ಮೇಲಿನ ಹಗ್ಗ ಸರಿಮಾಡಿದರು. ಅವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ.

“ಹೌದ್ರಿ,” ಅಂದರು ಆಮೇಲೆ. “ಬಿಡಬೇಕಾಗಿತ್ತು.”

ಇರಲಿ ಬಿಡ್ರಿ ಅನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅನ್ನಲಿಲ್ಲ. ಕಂಡಕ್ಟರ್ ಬಸ್ಸಿನ ತಗಡು ಬಡಿದ. “ಹೋಗ್ರಿ, ಬಸ್ಸು ತಪ್ಪತೈತಿ,” ಎಂದು ಅವರೇ ಹೇಳಿದರು.

ಹತ್ತಿ ಕೂತು ನೋಡಿದೆ. ಕತ್ತೆ ಹೊರಟಿತ್ತು. ಕಾಕಾ ಅದರ ಬಿಸಿಲಿನ ಬದಿಗೆ, ಅದಕ್ಕೆ ತಮ್ಮ ನೆರಳು ಬೀಳುವ ಹಾಗೆ ನಡೆಯುತ್ತಿದ್ದರು. ಒಂದು ಕೈ ಹೇರಿನ ಕೆಳಗೆ ಕೊಟ್ಟು ಸ್ವಲ್ಪ ಎತ್ತಿ ಹಿಡಿದಿದ್ದರು. ಬಸ್ಸು ತಿರುಗಿತು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅದೇ.